ಆಟೋ ಮೀಟರಿಗೊಂದು ನ್ಯಾಯ, ಟ್ರೆಡ್‌ಮಿಲ್ಲಿಗೊಂದು ನ್ಯಾಯ

ಬೆಂಗಳೂರಿನ ಆಟೋದಲ್ಲಿ ಮೀಟರು ಸ್ವಲ್ಪ ಚುರುಕಾಗಿ ಓಡುತ್ತಿದೆ ಎಂಬ ಗುಮಾನಿ ಬಂದರೆ ಸಾಕು, ಅಲ್ಲಿಯವರೆಗೆ ತೂಕಡಿಸುತ್ತಿದ್ದ ಪ್ರಯಾಣಿಕ ನೆಟ್ಟಗೆ ಕುಳಿತು ಪ್ರತಿ ನೂರು ಮೀಟರಿಗೂ ಲೆಕ್ಕ ಕೇಳತೊಡಗುತ್ತಾನೆ. ಅವನ ಬೆನ್ನಿಗೆ ಸರ್ಕಾರವಿದೆ. ಆಟೋದ ಮೀಟರಿಗೂ ಸಂತೆಯಲ್ಲಿ ಟೊಮೆಟೊ ತೂಗುವ ತಕ್ಕಡಿಗೂ ಕಾನೂನು ಮಾಪನಶಾಸ್ತ್ರ ಇಲಾಖೆಯ ಮೊಹರು ಬೀಳಲೇಬೇಕು. ಇದೇ ಮನುಷ್ಯ ಮರುದಿನ ಬೆಳಿಗ್ಗೆ ಜಿಮ್ಮಿಗೆ ಹೋಗಿ, ಯಾವ ಮೊಹರೂ ಇಲ್ಲದ ಟ್ರೆಡ್‌ಮಿಲ್ ಐದು ಕಿಲೋಮೀಟರ್ ಎಂದು ತೋರಿಸಿದೊಡನೆ ಅದರ ಫೋಟೋ ತೆಗೆದು ಬಂಧುಬಳಗದ ಗ್ರೂಪುಗಳಿಗೆಲ್ಲ ಹಂಚುತ್ತಾನೆ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ತಿಂಗಳ ನಡಿಗೆ ಸ್ಪರ್ಧೆ ಏರ್ಪಟ್ಟಾಗ ಈ ವಿಷಯ ಸಂಘದ ಸಭೆಯವರೆಗೂ ಹೋಯಿತು. ದಿನಕ್ಕೆ 10,000 ಹೆಜ್ಜೆ ಎಂಬ ಗುರಿಯ ಬಗ್ಗೆ ಯಾರದೂ ತಕರಾರಿರಲಿಲ್ಲ. ಅದು 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಿಂದ ಬಂದದ್ದು, ವೈದ್ಯರ ಚೀಟಿಯಿಂದ ಬಂದದ್ದಲ್ಲ ಎಂದು ನಾನು ಹೇಳಹೋದಾಗ ಅಧ್ಯಕ್ಷರು 'ವಿಷಯಕ್ಕೆ ಬನ್ನಿ' ಎಂದರು. ವಿಷಯವೇನೆಂದರೆ, ಅದೇ ಬೆಳಿಗ್ಗೆ ನನ್ನ ಟ್ರೆಡ್‌ಮಿಲ್ 5.00 ಕಿಲೋಮೀಟರ್ ಎಂದಿತ್ತು, ನಡೆದ ದೂರ ಅಳೆಯುವ ಕೈಗಡಿಯಾರ 4.12 ಎಂದಿತ್ತು, ಮುಂದಿನ ಗೂಡಿನಲ್ಲಿ ನೀರಿನ ಬಾಟಲಿಯ ಪಕ್ಕ ಇಟ್ಟಿದ್ದ ಮೊಬೈಲು ನಾನು ಹಾಸಿಗೆಯಿಂದ ಎದ್ದೇ ಇಲ್ಲ ಎಂಬಂತೆ ಸುಮ್ಮನಿತ್ತು. ಒಂದು ಗಂಟೆ ಚರ್ಚೆಯಾದ ಮೇಲೆ, ಎರಡು ಅಂಕಿಗಳಲ್ಲಿ ಯಾವುದು ಹೆಚ್ಚೋ ಅದನ್ನೇ ದಾಖಲಿಸತಕ್ಕದ್ದು ಎಂದು ಸರ್ವಾನುಮತದ ನಿರ್ಣಯವಾಯಿತು. ಆಟೋ ಚಾಲಕರ ಸಂಘ ಇಂಥದೇ ನಿರ್ಣಯ ಮಾಡಿದ್ದರೆ ನಾವೆಲ್ಲ ಬೀದಿಗಿಳಿಯುತ್ತಿದ್ದೆವು.

ಅಸಲಿಗೆ ಟ್ರೆಡ್‌ಮಿಲ್ಲಿನ ಕಸುಬು ಆಟೋ ಮೀಟರಿನ ಕಸುಬೇ. ಆಟೋದ ಮೀಟರು ಚಕ್ರದ ಸುತ್ತುಗಳನ್ನು ಎಣಿಸುತ್ತದೆ, ಆದ್ದರಿಂದ ಟೈರು ಸವೆದಷ್ಟೂ ದೂರ ಹೆಚ್ಚಾಗಿ ಕಾಣುತ್ತದೆ. ಟ್ರೆಡ್‌ಮಿಲ್ ತನ್ನ ಮೋಟಾರಿನ ಇಲ್ಲವೇ ಉರುಳೆಯ ಸುತ್ತುಗಳನ್ನು ಎಣಿಸುತ್ತದೆ. ಅದಕ್ಕೆ ನಮ್ಮ ಕಾಲಿನ ಪರಿಚಯವೇ ಇಲ್ಲ. ಬೆಲ್ಟು ಸಡಿಲವಾಗಿದ್ದು, ಹೆಜ್ಜೆ ಬಿದ್ದಾಗಲೆಲ್ಲ ಉರುಳೆಯ ಮೇಲೆ ಒಂದಿಷ್ಟು ಜಾರಿದರೂ ಅದು ಪೂರ್ತಿ ಸುತ್ತಿನ ಲೆಕ್ಕವನ್ನೇ ಬರೆದುಕೊಳ್ಳುತ್ತದೆ. ನಾನು ಒಂದು ಭಾನುವಾರ ದರ್ಜಿಯ ಟೇಪು ಮತ್ತು ಸೀಮೆಸುಣ್ಣ ಹಿಡಿದು ಹೋಗಿ ಬೆಲ್ಟಿನ ಸುತ್ತಳತೆ ತೆಗೆದೆ: 310 ಸೆಂಟಿಮೀಟರ್. ಗುರುತು ಹಾಕಿ, ಮೇಲೆ ನಡೆಯುವಂತೆ ತರಬೇತುದಾರನನ್ನೇ ಒಪ್ಪಿಸಿ, ನೆಲಕ್ಕೆ ಮಂಡಿಯೂರಿ ನೂರು ಸುತ್ತು ಎಣಿಸಿದೆ. ಲೆಕ್ಕದ ಪ್ರಕಾರ 310 ಮೀಟರ್ ಆಗಬೇಕಿತ್ತು, ಪರದೆಯ ಮೇಲೆ 0.34 ಕಿಲೋಮೀಟರ್ ಎಂದಿತ್ತು. ಅಂದರೆ ನನ್ನ ಐದು ಕಿಲೋಮೀಟರು ನಾಲ್ಕೂವರೆಯ ಆಸುಪಾಸು. ಇದನ್ನು ತೋರಿಸಿದಾಗ ತರಬೇತುದಾರ ಗಾಬರಿಯಿಂದ, "ಸಾರ್, ಮೆಂಬರ್ಸ್‌ಗೆ ಹೇಳ್ಬೇಡಿ, ಬೇಜಾರ್ ಮಾಡ್ಕೋತಾರೆ" ಎಂದ. ಹೆಚ್ಚು ತೋರಿಸುವ ಮೀಟರನ್ನು ಸರಿಪಡಿಸಿದರೆ ಗಿರಾಕಿ ಬೇಜಾರು ಮಾಡಿಕೊಳ್ಳುವ ವ್ಯಾಪಾರ ಇದೊಂದೇ ಇರಬೇಕು.

ಹಾಗೆಂದು ಗಡಿಯಾರವೇನೂ ಸತ್ಯಹರಿಶ್ಚಂದ್ರನಲ್ಲ. ಒಳಾಂಗಣದಲ್ಲಿ ಅದಕ್ಕೆ ಉಪಗ್ರಹದ ನೆರವಿಲ್ಲ. ಒಮ್ಮೆ ಮರೆತು ಹೊರಾಂಗಣ ನಡಿಗೆ ಎಂದು ಒತ್ತಿದ್ದಕ್ಕೆ, ನಾನು ಗೋಡೆ ತೂರಿಕೊಂಡು ಪಕ್ಕದ ಬ್ಯಾಂಕಿನೊಳಗೆ ಆರು ಬಾರಿ ಹೋಗಿಬಂದಂತೆ ನಕ್ಷೆ ಬಿಡಿಸಿತ್ತು. ಉಳಿದಂತೆ ಅದು ಕೈ ಬೀಸುವುದನ್ನು ನೋಡಿ ಹೆಜ್ಜೆಯನ್ನು ಊಹಿಸುತ್ತದೆ, ನಾವು ಹೇಳಿದ ಎತ್ತರದಿಂದ ಹೆಜ್ಜೆಯ ಉದ್ದವನ್ನು ಊಹಿಸುತ್ತದೆ, ಎರಡನ್ನೂ ಗುಣಿಸಿ ದಶಮಾಂಶದ ಎರಡು ಸ್ಥಾನಗಳವರೆಗೆ ಧೈರ್ಯವಾಗಿ ಹೇಳುತ್ತದೆ. ಎತ್ತರ 165 ಸೆಂಟಿಮೀಟರ್ ಎಂದರೆ ಹೆಜ್ಜೆಗೆ ಸುಮಾರು 68. ಮದುವೆಯ ಬಯೋಡೇಟಾದಲ್ಲಿ ಸೇರಿಸಿದ ಎರಡಿಂಚನ್ನು ಇಲ್ಲಿಯೂ ಸೇರಿಸಿದವರಿಗೆ ಪ್ರತಿ ಹೆಜ್ಜೆಗೂ ಎರಡು ಸೆಂಟಿಮೀಟರ್ ಪುಕ್ಕಟೆ. ಟ್ರೆಡ್‌ಮಿಲ್ಲಿನ ಹಿಡಿ ಹಿಡಿದು ನಡೆದವನ ಹೆಜ್ಜೆಗಳಲ್ಲಿ ಎಷ್ಟೋ ಅದರ ಲೆಕ್ಕಕ್ಕೆ ಬರುವುದಿಲ್ಲ. ಸೊಂಟದ ಮೇಲೆ ಬಿಂದಿಗೆ ಇಟ್ಟು, ಅದನ್ನು ತಬ್ಬಿದ ಕೈ ಅಲುಗಿಸದೆ ಹರದಾರಿ ನಡೆದವಳೂ ಅದರ ಪಾಲಿಗೆ ಕುಳಿತಲ್ಲೇ ಕುಳಿತವಳು. ಅದೇ ಗಡಿಯಾರ ಕಟ್ಟಿಕೊಂಡು ತೆಂಗಿನಕಾಯಿ ತುರಿದ ನನ್ನ ಹೆಂಡತಿ ಎರಡು ಹೋಳು ಮುಗಿಯುವಷ್ಟರಲ್ಲಿ ಇನ್ನೂರಕ್ಕೂ ಹೆಚ್ಚು ಹೆಜ್ಜೆ ಸಂಪಾದಿಸಿದಳು. ಹೆಜ್ಜೆ ಲೆಕ್ಕ ನೋಡಿ ಕಂತಿನಲ್ಲಿ ರಿಯಾಯಿತಿ ಕೊಡುವ ಆರೋಗ್ಯ ವಿಮೆಗಳೂ ಇರುವ ಈ ಕಾಲದಲ್ಲಿ, ಚಟ್ನಿಗೂ ಹೃದಯಕ್ಕೂ ಇಂಥದೊಂದು ಸಂಬಂಧ ಏರ್ಪಟ್ಟಿದೆ.

ಕೊನೆಗೆ ಪರಿಹಾರ ಗಡಿಯಾರದ ಒಳಗೇ ಸಿಕ್ಕಿತು. ವ್ಯಾಯಾಮ ಮುಗಿದ ಮೇಲೆ, ಟ್ರೆಡ್‌ಮಿಲ್ ತೋರಿಸಿದ ದೂರವನ್ನು ನಮೂದಿಸಿದರೆ ತನ್ನ ಲೆಕ್ಕವನ್ನು ಅದಕ್ಕೆ ಹೊಂದಿಸಿಕೊಳ್ಳುವುದಾಗಿ ಅದು ವಿನಯದಿಂದ ಕೇಳಿತು. ಸುಣ್ಣದ ಗುರುತು ಹಾಕಿ ಕಂಡುಹಿಡಿದ ತಪ್ಪನ್ನು ನನ್ನ ಕೈಯಾರೆ ಅದಕ್ಕೆ ಕಲಿಸಿದೆ. ಈಗ ಯಂತ್ರವೂ 5.00 ಎನ್ನುತ್ತದೆ, ಗಡಿಯಾರವೂ 5.00 ಎನ್ನುತ್ತದೆ. ಎರಡು ಸ್ವತಂತ್ರ ಸಾಕ್ಷ್ಯಗಳು ತಾಳೆಯಾಗಿವೆ ಎಂದು ಸಂಘದವರು ನನಗೆ ಎರಡನೆಯ ಬಹುಮಾನ ಕೊಟ್ಟಿದ್ದಾರೆ: ಇನ್ನೊಂದು ಗಡಿಯಾರ.