ಸೋಸಿದ್ದು ಇಲ್ಲೇನ್ರೀ?

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಬರೆದರೆ ಸ್ವಲ್ಪ ಇಳಿಯಬಹುದು ಅಂತ ಕೂತಿದ್ದೇನೆ. ಉದ್ದ ಆಗುತ್ತದೆ, ಪುರುಸೊತ್ತಿದ್ದವರು ಓದಿ.

ವಿಜಯಪುರದ ನಮ್ಮ ಬಡಾವಣೆಯಲ್ಲಿ ಹೊಸದಾಗಿ ಒಂದು ಎಸಿ ತರಕಾರಿ ಅಂಗಡಿ ಆಗಿದೆ. ಹೆಸರು ಬೇಡ. ಅದರ ಎದುರಿಗೇ ಗೋಣಿಚೀಲ ಹಾಸಿಕೊಂಡು ಒಬ್ಬ ಆಯಿ ಪಲ್ಲೆ, ಅಂದರೆ ಸೊಪ್ಪು, ಮಾರುತ್ತಾಳೆ. ಈಗ ಡಿಸೆಂಬರ್, ಎಳ್ಳಮಾಸಿ (ಎಳ್ಳು ಅಮಾವಾಸ್ಯೆ) ಹತ್ತಿರ ಬಂತು. ಪಲ್ಲೆ ತಿನ್ನೋಕೆ ವರ್ಷದಲ್ಲಿ ಇದಕ್ಕಿಂತ ಒಳ್ಳೆ ಕಾಲ ಇಲ್ಲ. ಆಕೆಯ ಮುಂದೆ ಮೆಂತೆ, ಸಬ್ಬಸಗಿ, ಹಸಿ ಉಳ್ಳಾಗಡ್ಡಿ, ಕಡ್ಲಿ ಪಲ್ಲೆ, ಒಂದು ಸಣ್ಣ ಗುಡ್ಡೆ ಹತ್ತರಕಿ. ಎಲ್ಲದರ ಮೇಲೆ ಇನ್ನೂ ಇಬ್ಬನಿ.

ನನಗಿಂತ ಮುಂದೆ ಒಬ್ಬ ಹುಡುಗ ನಿಂತಿದ್ದ. ಇಪ್ಪತ್ತೈದು ಇಪ್ಪತ್ತಾರು ಇರಬಹುದು. ಮೆಂತೆ ಸೂಡು ಎತ್ತಿದ, ತಿರುಗಿಸಿದ, ಬೇರಿಗೆ ಹತ್ತಿದ ಮಣ್ಣು ನೋಡಿದ. ಕೇಳಿದ್ದೇನು ಗೊತ್ತೇ? "ಸೋಸಿದ್ದು ಇಲ್ಲೇನ್ರೀ?"

ಆಯಿ ಅವನ ಮುಖ ನೋಡಿದಳು. "ಸೋಸಿ, ಕುದಿಸಿ, ನಿನ್ನ ಬಾಯಾಗ ತುತ್ತೂ ಇಡ್ಲೇನು ತಮ್ಮಾ?"

ನಾನು ನಕ್ಕೆ. ಹುಡುಗ ನಗಲಿಲ್ಲ. ಸೂಡು ಕೆಳಗಿಟ್ಟು ಎದುರಿನ ಅಂಗಡಿಗೆ ಹೋದ. ಐದು ನಿಮಿಷಕ್ಕೆ ಒಂದು ಪ್ಲಾಸ್ಟಿಕ್ ಡಬ್ಬಿ ಹಿಡಿದು ಬಂದ. ಸೋಸಿದ ಮೆಂತೆ, ನೂರು ಗ್ರಾಂ, ನಲವತ್ತು ರೂಪಾಯಿ. ಆಯಿ ಹತ್ತಿರ ಒಂದು ಸೂಡಿಗೆ ಹತ್ತು.

(ಬೆಂಗಳೂರು ಕಡೆಯ ಗೆಳೆಯರಿಗೆ: ಸೋಸೋದು ಅಂದರೆ ನೀವು ಸೊಪ್ಪು ಬಿಡಿಸೋದು ಅನ್ನುತ್ತೀರಲ್ಲ, ಅದೇ. ಚಹಾ ಸೋಸೋದಲ್ಲ.)

ನನ್ನ ಸಿಟ್ಟು ನಲವತ್ತು ರೂಪಾಯಿಯ ಮೇಲಲ್ಲ. ಅವನ ದುಡ್ಡು, ಅವನ ಇಷ್ಟ. ಸಿಟ್ಟು ಇರೋದು ಆ ಪ್ರಶ್ನೆಯ ಮೇಲೆ. ಅಡುಗೆ ಕಲಿಯೋಕೆ ಇಷ್ಟು ವಿಡಿಯೋಗಳಿವೆ, ಒಂದರಲ್ಲಾದರೂ ಪಲ್ಲೆ ಸೋಸೋದನ್ನು ತೋರಿಸಿದ್ದು ನೋಡಿದ್ದೀರಾ? "ಈಗ ಒಂದು ಕಪ್ ಮೆಂತೆ ತಗೊಳ್ಳಿ" ಅಂತ ಶುರುವಾಗುತ್ತದೆ. ಗಾಜಿನ ಬಟ್ಟಲಲ್ಲಿ ಮೆಂತೆ ತಯಾರಾಗಿ ಕೂತಿರುತ್ತದೆ. ಅದು ಬಟ್ಟಲಿಗೆ ಹೇಗೆ ಬಂತು? ಯಾರು ಕೂತು ಸೋಸಿದರು? ದೇವರೇ ಬಲ್ಲ. ಪಲ್ಲೆಯ ಕೆಲಸದಲ್ಲಿ ಮುಕ್ಕಾಲು ಪಾಲು ಅಲ್ಲೇ ಇದೆ. ಉಳಿದದ್ದು ಹತ್ತು ನಿಮಿಷದ ಒಗ್ಗರಣೆ.

ಸೋಸೋದರಲ್ಲಿ ಕಲಿಯೋದೇನಿದೆ ಅನ್ನುವವರು ಒಮ್ಮೆ ಮಾಡಿ ನೋಡಿ. ಮೆಂತೆಯ ಎಳೆ ದಂಟು ಬೆರಳಲ್ಲಿ ಹಿಡಿದರೆ ಟಕ್ ಅಂತ ಮುರಿಯಬೇಕು. ಮುರಿದರೆ ಎಲೆಯ ಜೊತೆ ಅದೂ ಪಾತ್ರೆಗೆ. ಬಾಗಿ ನಾರು ಬಂದರೆ ಅದು ಬಲಿತದ್ದು, ತೆಗೆಯಬೇಕು. ಕೆಲವರು ಸೂಡು ಬಿಚ್ಚದೆ ಚಾಕುವಿನಲ್ಲಿ ಬುಡ ಕತ್ತರಿಸಿ ಕೆಲಸ ಮುಗೀತು ಅನ್ನುತ್ತಾರೆ. ಒಳಗಿನ ಹಳದಿ ಎಲೆ, ಹುಲ್ಲಿನ ಎಳೆ, ಕೊಳೆತದ್ದು ಎಲ್ಲ ಹಾಗೇ ಪಲ್ಲೆಗೆ ಬೀಳುತ್ತದೆ. ಆಮೇಲೆ ತಟ್ಟೆ ಮುಂದೆ ಕೂತು "ಮೆಂತೆ ಯಾಕೋ ಕಹಿ" ಅನ್ನೋದು.

ತೊಳೆಯೋದು ಇನ್ನೊಂದು. ಪಲ್ಲೆಯನ್ನು ಜಾಲರಿಗೆ ಹಾಕಿ ನಲ್ಲಿ ಬಿಟ್ಟರೆ ಮಣ್ಣು ಹೋಗಲ್ಲ. ದೊಡ್ಡ ಬೋಗಾಣಿ ತುಂಬ ನೀರು ತಗೊಂಡು ಪಲ್ಲೆ ಮುಳುಗಿಸಿ, ಕೈಯಾಡಿಸಿ, ಎರಡು ನಿಮಿಷ ಬಿಡಬೇಕು. ಮಣ್ಣು ತಳಕ್ಕೆ ಇಳಿಯುತ್ತದೆ. ಆಮೇಲೆ ಪಲ್ಲೆಯನ್ನು ಕೈಯಿಂದ ಮೇಲೆತ್ತಬೇಕು, ನೀರು ಬಗ್ಗಿಸಬಾರದು. ಬಗ್ಗಿಸಿದರೆ ತಳದ ಮಣ್ಣೆಲ್ಲ ತಿರುಗಿ ಪಲ್ಲೆ ಮೇಲೇ ಬೀಳುತ್ತದೆ. ಬೋಗಾಣಿಯ ತಳ ಬೆರಳಿಗೆ ನುಣ್ಣಗೆ ಹತ್ತುವ ತನಕ ಹೀಗೇ ಮಾಡಬೇಕು, ಮೂರು ಸಲವೋ ನಾಲ್ಕು ಸಲವೋ. ಇಷ್ಟೇ. ಇದನ್ನು ತಿಳಿಯೋಕೆ ನನಗೆ ನಲವತ್ತೆರಡು ವರ್ಷ ಬೇಕಾಯಿತು.

ಹೌದು. ಇಲ್ಲಿಯ ಹಳಬರಿಗೆ ಗೊತ್ತಿರುವ ಕಥೆಯೇ. ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡ ವರ್ಷ ನಾನು ಹಾಕಿದ್ದ ರೊಟ್ಟಿಯ ಫೋಟೋ ನೆನಪಿದೆಯಲ್ಲ? ಯಾರೋ "ಇದು ಯಾವ ದೇಶದ ನಕ್ಷೆ" ಅಂತ ಕೇಳಿದ್ದಿರಿ. ಆಗ ಅವ್ವ ಮಂಚದ ಮೇಲೆ ಕೂತು ಹೇಳುತ್ತಿದ್ದಳು, ನಾನು ನೆಲದ ಮೇಲೆ ಪೇಪರ್ ಹಾಸಿಕೊಂಡು ಸೋಸುತ್ತಿದ್ದೆ. ಮೊದಲ ದಿನ ಎರಡು ಸೂಡು ಮೆಂತೆಗೆ ಐವತ್ತು ನಿಮಿಷ ಹಿಡಿಯಿತು. ಈಗ ಹದಿನೈದು. ರೊಟ್ಟಿ ಮಾತ್ರ ಇನ್ನೂ ನಕ್ಷೆಯೇ. ಜೋಳದ ಹಿಟ್ಟಿನಲ್ಲಿ ಗೋಧಿಯ ಹಾಗೆ ಅಂಟು ಇಲ್ಲ, ಕುದಿಯೋ ನೀರು ಹಾಕಿ ನಾದಿದರೆ ಮಾತ್ರ ಹಿಟ್ಟು ಹಿಡಿದುಕೊಳ್ಳುತ್ತದೆ. ಇದೆಲ್ಲ ಬಾಯಿಪಾಠ ಇದೆ. ಬಡಿಯೋಕೆ ಕೂತರೆ ಅಂಚು ಒಡೆಯುತ್ತದೆ.

ಈಗ ಒಬ್ಬರಾದರೂ ಹೇಳುತ್ತೀರಿ, ಗೊತ್ತು. "ಟೈಮ್ ಎಲ್ಲಿದೆ ಸರ್? ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ. ನೀವು ಮತ್ತೆ ಹೆಂಗಸರನ್ನು ಪಲ್ಲೆ ಮುಂದೆ ಕೂರಿಸೋಕೆ ಹೊರಟಿದ್ದೀರಿ."

ನಾನು ಹೆಂಗಸರು ಅಂತ ಎಲ್ಲಿ ಬರೆದಿದ್ದೇನೆ? ಮೇಲೆ ಹೋಗಿ ಇನ್ನೊಮ್ಮೆ ಓದಿ. ಪಲ್ಲೆ ಅಂದ ಕೂಡಲೆ ನಿಮ್ಮ ಕಣ್ಣ ಮುಂದೆ ಸೀರೆ ಬಂದರೆ ಅದಕ್ಕೆ ನಾನೇನು ಮಾಡಲಿ? ಟೈಮಂತೂ ಬಿಡಿ. ರೀಲ್ಸ್ ನೋಡುತ್ತ ಹೆಬ್ಬೆರಳು ಒಂದೂವರೆ ತಾಸು ಓಡುತ್ತದೆ. ಅದೇ ಹೆಬ್ಬೆರಳಿಗೆ ಮೆಂತೆ ದಂಟು ಮುರಿಯೋಕೆ ಹದಿನೈದು ನಿಮಿಷ ಇಲ್ಲವಂತೆ.

ಇಷ್ಟು ಜೋರಾಗಿ ಬರೆಯೋಕೆ ನನಗೂ ಹಕ್ಕಿಲ್ಲ ಅನ್ನಿ. ನನ್ನ ಹೆಂಡತಿಯೂ ಕೆಲಸಕ್ಕೆ ಹೋಗುವವಳೇ. ಹದಿನಾಲ್ಕು ವರ್ಷ ರಾತ್ರಿ ಒಂಬತ್ತಕ್ಕೆ ಟಿವಿ ಮುಂದೆ ಕೂತು ಮರುದಿನದ ಪಲ್ಲೆ ಸೋಸಿದ್ದಾಳೆ. ಪಕ್ಕದಲ್ಲೇ ನಾನು ಕಾಲು ಚಾಚಿ ಫೋನ್ ನೋಡಿದ್ದೇನೆ. ಒಂದು ದಿನವೂ ಒಂದು ದಂಟು ಮುರಿದುಕೊಡಲಿಲ್ಲ. ಮಾರನೇ ದಿನ ಊಟಕ್ಕೆ ಕೂತು "ಇವತ್ತು ಸ್ವಲ್ಪ ಮಣ್ಣು ಹತ್ತಿದ ಹಾಗಿದೆ" ಅಂತ ಹೇಳಿದ್ದೂ ಇದೆ. ಇದನ್ನು ಆಕೆ ಓದುತ್ತಾಳೆ. ಓದಲಿ.

ಮಾತು ಕಡ್ಲಿ ಪಲ್ಲೆಗೆ ಬರಲಿ. ಅದು ಡಬ್ಬಿಯಲ್ಲಿ ಸಿಗಲ್ಲ, ಸಿಗುವ ತನಕ ಬದುಕಿದೆವು. ಕಡಲೆ ಬಿತ್ತಿ ಒಂದು ತಿಂಗಳು ದಾಟಿದ ಮೇಲೆ ಕುಡಿ ಚಿವುಟುತ್ತಾರೆ. ಚಿವುಟಿದರೆ ಗಿಡ ಟಿಸಿಲು ಒಡೆದು ಕಾಯಿ ಜಾಸ್ತಿ ಹಿಡಿಯುತ್ತದೆ. ಹೊಲಕ್ಕೂ ಲಾಭ, ನಮಗೂ ಪಲ್ಲೆ. ಆ ಎಲೆಯ ಮೇಲೇ ಹುಳಿ ಇರುತ್ತದೆ, ಕುಡಿ ಹಾಗೇ ಬಾಯಿಗೆ ಹಾಕಿಕೊಂಡರೆ ಗೊತ್ತಾಗುತ್ತದೆ. ಹಿಂದೆ ಬೆಳಗಿನ ಜಾವ ಕಡಲೆ ಹೊಲದ ಮೇಲೆ ಬಿಳಿ ಬಟ್ಟೆ ಹಾಸಿ, ಇಬ್ಬನಿಯಲ್ಲಿ ನೆನೆದದ್ದನ್ನು ಹಿಂಡಿ ಆ ಹುಳಿ ತೆಗೆದಿಡುತ್ತಿದ್ದರು. ಅದಕ್ಕೇ ಅವ್ವ ಕಡ್ಲಿ ಪಲ್ಲೆ ತೊಳೆಯೋಕೆ ಬಿಡುತ್ತಿರಲಿಲ್ಲ, ತೊಳೆದರೆ ರುಚಿ ಹೋಯಿತು ಅಂತ. ಈಗ ಔಷಧ ಹೊಡೆಯುವ ಕಾಲ, ನಾನು ಒಂದು ಸಲ ಮುಳುಗಿಸಿ ಎತ್ತುತ್ತೇನೆ. ಅವ್ವನಿಗೆ ಹೇಳೋದಿಲ್ಲ.

ಇದಕ್ಕೆ ಹುಣಸೆಹಣ್ಣು ಬೇಡ. ತೊಗರಿಬೇಳೆ ಜೊತೆ ಮೆತ್ತಗೆ ಬೇಯಿಸಿ, ಒಂದು ಹಿಡಿ ಜೋಳದ ನುಚ್ಚು ಹಾಕಿ ಮಸೆದು, ಬೆಳ್ಳುಳ್ಳಿ ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟರೆ ಸಾಕು. ಹತ್ತರಕಿಗಂತೂ ಒಲೆಯೂ ಬೇಡ. ಹಕ್ಕರಕಿ ಅನ್ನುತ್ತಾರಲ್ಲ, ಅದೇ. ಹಸಿಯಾಗಿ ಹೆಚ್ಚಿ, ಉಳ್ಳಾಗಡ್ಡಿ, ಗುರೆಳ್ಳು ಚಟ್ನಿಪುಡಿ, ಉಪ್ಪು, ಒಂದು ಚಮಚ ಹಸಿ ಎಣ್ಣೆ, ಮೇಲೆ ನಮ್ಮ ಇಂಡಿ ತಾಲ್ಲೂಕಿನ ನಿಂಬೆಹಣ್ಣು ಹಿಂಡಿ ರೊಟ್ಟಿ ಜೊತೆ ತಿಂದರೆ ಮುಗೀತು. ಸ್ವಲ್ಪ ಕಹಿ ಇರುತ್ತದೆ, ಆ ಕಹಿಗೇ ತಿನ್ನೋದು. ಎಳ್ಳಮಾಸಿಗೆ ಚರಗ ಚೆಲ್ಲೋಕೆ (ಬೆಳೆಗೆ ಎಡೆ ಚೆಲ್ಲೋಕೆ) ಹೊಲಕ್ಕೆ ಹೋದಾಗ ಬದುವಿನಲ್ಲೇ ಕಿತ್ತು ತಿನ್ನುತ್ತಿದ್ದೆವು. ಹೊಲದಲ್ಲಿ ತಾನಾಗಿ ಹುಟ್ಟುವ ಕಳೆ ಅದು. ವಿಶ್ವಸಂಸ್ಥೆಯವರು 2023ನ್ನು ಸಿರಿಧಾನ್ಯ ವರ್ಷ ಅಂದ ಮೇಲೆ ನಮ್ಮ ಜೋಳಕ್ಕೆ ಪೇಟೆಯಲ್ಲಿ ಮರ್ಯಾದೆ ಬಂತು. ಹತ್ತರಕಿಗೂ ಒಂದು ವರ್ಷ ಕೊಡಿ ಅಂತ ಅರ್ಜಿ ಹಾಕಬೇಕೇನೋ.

ಮೆಂತೆ ಬಗ್ಗೆ ಎರಡೇ ಮಾತು. ಉಪ್ಪನ್ನು ಕೊನೆಗೆ ಹಾಕಿ. ಬಾಣಲೆ ತುಂಬ ಕಂಡ ಪಲ್ಲೆ ಕೆಳಗಿಳಿಸುವಾಗ ಒಂದು ಹಿಡಿ ಆಗಿರುತ್ತದೆ, ಮೊದಲೇ ಅಂದಾಜಿನಲ್ಲಿ ಹಾಕಿದರೆ ಬಾಯಿಗಿಡೋಕೆ ಆಗಲ್ಲ. ಮುಚ್ಚಳ ಮುಚ್ಚಬೇಡಿ. ಮುಚ್ಚಿದರೆ ಎಲೆಯ ಹುಳಿ ಆವಿಯಲ್ಲೇ ಸಿಕ್ಕಿಕೊಂಡು ಹಸಿರು ಕಂದುತ್ತದೆ. ಆಮೇಲೆ ಮಕ್ಕಳು ಬಣ್ಣ ನೋಡಿಯೇ ಮುಖ ತಿರುಗಿಸುತ್ತಾರೆ.

ಆ ಡಬ್ಬಿಯನ್ನು ನಾನೂ ಒಮ್ಮೆ ತಂದಿದ್ದೆ, ಸುಳ್ಳು ಹೇಳಲ್ಲ. ಮೇಲೆ ಹಸಿರು, ಅಡಿಯಲ್ಲಿ ಕಪ್ಪಗೆ ಅಂಟಂಟು. ತೊಳೆದು ಒದ್ದೆ ಇರುವಾಗಲೇ ಮುಚ್ಚಿದರೆ ಇನ್ನೇನಾಗುತ್ತದೆ? ತೊಳೆಯದೆ, ಬೇರು ತೆಗೆದು, ಒಣ ಬಟ್ಟೆಯಲ್ಲಿ ಸುತ್ತಿಟ್ಟರೆ ಫ್ರಿಜ್‌ನಲ್ಲಿ ಮೂರು ದಿನ ಚೆನ್ನಾಗಿರುತ್ತದೆ.

ಬೆಳಿಗ್ಗೆ ಆಯಿ ಹತ್ತಿರ ಎರಡು ಸೂಡು ಮೆಂತೆ, ಒಂದಿಷ್ಟು ಕಡ್ಲಿ ಪಲ್ಲೆ ತಗೊಂಡೆ. ಕೊಸರು ಅಂತ ಒಂದು ಹಿಡಿ ಹತ್ತರಕಿ ತಾನೇ ಚೀಲಕ್ಕೆ ಹಾಕಿದಳು. ಆ ಹುಡುಗ ಹೋದ ದಾರಿ ನೋಡಿ, "ಪಾಪ, ಅವನ ಮನ್ಯಾಗ ಯಾರೂ ಇಲ್ಲೇನೋ, ಹೇಳಿಕೊಡಾಕ" ಅಂದಳು. ನಾನು ಅಷ್ಟು ಹೊತ್ತು ಬೈದುಕೊಂಡವನನ್ನು ಆಕೆ ಪಾಪ ಅಂದುಬಿಟ್ಟಳು. ಅದಕ್ಕೂ ನನಗೆ ಸಿಟ್ಟು ಬಂತು.

ಈಗ ಪೇಪರ್ ಮೇಲೆ ಮೆಂತೆ ಹರಡಿದೆ. ಮಗನನ್ನೂ ಎಳೆದು ಕೂರಿಸಿದ್ದೇನೆ. ಐದು ನಿಮಿಷಕ್ಕೆ ಒಂದು ಹಸಿರು ಹುಳ ಸಿಕ್ಕಿತು. "ಅಪ್ಪಾ, ಡಬ್ಬಿಯಲ್ಲಿ ಹುಳ ಬರಲ್ಲ" ಅಂತ ಚೀರಿದ. ಹುಳಕ್ಕೂ ರುಚಿ ಗೊತ್ತಿದೆಯಪ್ಪ ಅಂದೆ. ಎದ್ದು ಹೋಗಲಿಲ್ಲ, ಕೂತಿದ್ದಾನೆ. ದಂಟು ಮಾತ್ರ ಅರ್ಧಕ್ಕರ್ಧ ಎಸೆಯುತ್ತಿದ್ದಾನೆ.

ಒಳಗಿನಿಂದ ಅವ್ವ ಕೂಗುತ್ತಿದ್ದಾಳೆ. "ಕಡ್ಲಿ ಪಲ್ಲೆ ತೊಳದಿ ಏನೋ?"

"ಇಲ್ಲ ಯವ್ವಾ."