ಸತ್ಯಾಂಶ: ಕೂಗಿದರೆ ಹಿಮ ಕುಸಿಯುತ್ತದೆಯೇ?

"ಹಿಮದ ಬೆಟ್ಟದಲ್ಲಿ ಜೋರಾಗಿ ಕೂಗಬೇಡಿ, ಹಿಮ ಕುಸಿದು ಮೈಮೇಲೆ ಬೀಳುತ್ತದೆ" ಎಂಬ ಫಾರ್ವರ್ಡ್ ಆಗಾಗ ಓಡಾಡುತ್ತಿರುತ್ತದೆ. ಇದು ನಿಜವಲ್ಲ. ಹಿಮದ ಪದರ ಕಿತ್ತುಬರುವಷ್ಟು ಬಲ ಮನುಷ್ಯನ ದನಿಗಿಲ್ಲ. ಸ್ಕೀ (ಹಿಮದಲ್ಲಿ ಜಾರಿ ಸಾಗಲು ಕಾಲಿಗೆ ಕಟ್ಟುವ ಉದ್ದ ಪಟ್ಟಿ) ಮೇಲೆ ನಿಂತವರ ಮೈಭಾರಕ್ಕಿದೆ. ಜೀವ ತೆಗೆದ ಹಿಮಕುಸಿತಗಳಲ್ಲಿ ಹೆಚ್ಚಿನವು ಶುರುವಾಗುವುದು ಸಿಕ್ಕಿಬಿದ್ದವರಿಂದ ಅಥವಾ ಅವರ ಜೊತೆಗಾರರಿಂದಲೇ.

ಫ್ರಾನ್ಸಿನ ಶಾಮೊನಿಯಿಂದ ಸ್ವಿಟ್ಜರ್ಲೆಂಡಿನ ಜೆರ್ಮಾಟ್‌ವರೆಗೆ, ರಾತ್ರಿ ಹಟ್‌ಗಳಲ್ಲಿ ತಂಗುತ್ತಾ ಸ್ಕೀ ಮೇಲೆ ಸಾಗುವ ಓಟ್ ರೂಟ್ ದಾರಿಯನ್ನೇ ನೋಡಿ. ಆರೇಳು ದಿನದ ಪಯಣ. ಈ ದಾರಿಯಲ್ಲಿ ಸಿಗುವ ವಾಲ್ಸೊರೆ ಹಟ್ ಇರುವುದು ಸುಮಾರು 3,000 ಮೀಟರ್ ಎತ್ತರದಲ್ಲಿ. ಅದರ ಮೇಲಿನ ಕಡಿದಾದ ಇಳಿಜಾರು ಹತ್ತಲು ಜನ ಕತ್ತಲಿರುವಾಗಲೇ ಹೊರಡುತ್ತಾರೆ. ಬಿಸಿಲೇರಿದರೆ ಹಿಮ ಮೆತ್ತಗಾಗುತ್ತದಲ್ಲ, ಅದಕ್ಕೆ. ಹಿಂದಿನ ಸಂಜೆ 5ಕ್ಕೆ ದಾವೋಸ್‌ನ ಹಿಮ ಸಂಶೋಧನಾ ಸಂಸ್ಥೆ ಹೊರಡಿಸುವ ಮುನ್ಸೂಚನೆ ನೋಡಿರುತ್ತಾರೆ. ಅಪಾಯದ ಮಟ್ಟ 1ರಿಂದ 5ರಲ್ಲಿ ಎಷ್ಟು, ಯಾವ ದಿಕ್ಕಿನ ಇಳಿಜಾರು ನೆಚ್ಚುವಂತಿಲ್ಲ, ಎಲ್ಲಾ ಅದರಲ್ಲಿರುತ್ತದೆ. ನಕ್ಷೆಯಲ್ಲಿ 30 ಡಿಗ್ರಿಗಿಂತ ಕಡಿದಾದ ಜಾಗ ಗುರುತು ಮಾಡಿಕೊಂಡು, ಅಲ್ಲಿ ಒಬ್ಬೊಬ್ಬರಾಗಿ ದಾಟುತ್ತಾರೆ.

ಸುಮ್ನೆ ಬಾಯಿ ಮುಚ್ಚಿಕೊಂಡು ಗುಂಪಾಗಿ ಹೋದರೆ ಹಿಮದ ಮೇಲೆ ಭಾರವೇ ಜಾಸ್ತಿ, ಅಲ್ವಾ? ಅಂತರ ಬಿಟ್ಟು ಹೋಗುವಾಗ "ದಾಟಿದೆ, ಬಾ" ಅಂತ ಕೂಗಿಯೇ ಹೇಳಬೇಕಾಗುತ್ತದೆ.