ಶ್ರವಣದೋಷದ ಸಂಶೋಧನೆಗೂ ನಮ್ಮ ದಾನದಲ್ಲೊಂದು ಪಾಲಿರಲಿ

ಕಾಸರಗೋಡಿನವರು ಕೊಡುವ ವಿಷಯದಲ್ಲಿ ಹಿಂದೆ ಬಿದ್ದವರಲ್ಲ. ಯಾವುದೋ ಮನೆಯ ಮಗುವಿಗೆ ಶಸ್ತ್ರಚಿಕಿತ್ಸೆ ಆಗಬೇಕೆಂದು ಗೊತ್ತಾದರೆ ಸಾಕು, ಊರಿನಲ್ಲಿ ಚಿಕಿತ್ಸಾ ಸಹಾಯ ಸಮಿತಿಯೊಂದು ರೂಪುಗೊಳ್ಳುತ್ತದೆ. ಖಾಸಗಿ ಬಸ್ಸಿನವರು ಒಂದು ದಿನದ ಕಲೆಕ್ಷನ್ ಅನ್ನು ಪೂರ್ತಿಯಾಗಿ ಬಿಟ್ಟುಕೊಟ್ಟು ಕಾರುಣ್ಯ ಯಾತ್ರೆ ನಡೆಸುತ್ತಾರೆ. ಗಲ್ಫಿನಲ್ಲಿರುವ ಊರವರು ಜಾತಿ ಮತ ಕೇಳದೆ ಹಣ ಕಳುಹಿಸುತ್ತಾರೆ. ಕಿವಿ ಕೇಳಿಸದ ಮಕ್ಕಳ ಬಗ್ಗೆಯೂ ಇದೇ ಕಳಕಳಿ ಇದೆ. ಶ್ರವಣಯಂತ್ರ ಕೊಡಿಸುವುದಕ್ಕೆ, ಶಸ್ತ್ರಚಿಕಿತ್ಸೆಯಿಂದ ಒಳಕಿವಿಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಸಾಧನದ ಪ್ರೊಸೆಸರ್ (ಹೊರಗೆ ಧರಿಸುವ ಭಾಗ) ಕೆಟ್ಟಾಗ ರಿಪೇರಿಗೆ ಒದಗುವುದಕ್ಕೆ ಇಲ್ಲಿ ಜನರಿದ್ದಾರೆ. ಇವುಗಳಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಬಾರದು. ಆದರೆ ಶ್ರವಣದೋಷ ಏಕೆ ಬರುತ್ತದೆ, ಅದನ್ನು ಹೇಗೆ ತಡೆಯಬಹುದು, ಬಂದ ಮೇಲೆ ಏನು ಮಾಡಬಹುದು ಎಂದು ಹುಡುಕುವ ವೈಜ್ಞಾನಿಕ ಸಂಶೋಧನೆಗೂ ನಮ್ಮ ದಾನದ ಒಂದು ಸಣ್ಣ ಪಾಲು ಹೋಗಬೇಕು ಎಂದು ನಾನು ಬಲವಾಗಿ ನಂಬಿದ್ದೇನೆ.

ಇಂದು ಕೇರಳ ಸರಕಾರದ ಶ್ರುತಿತರಂಗಂ ಯೋಜನೆಯಲ್ಲಿ ಎಳೆಯ ಮಕ್ಕಳಿಗೆ ಉಚಿತವಾಗಿ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಒಂದು ಕಾಲದಲ್ಲಿ ಜನರ ದೇಣಿಗೆಯನ್ನೇ ನೆಚ್ಚಿಕೊಂಡಿದ್ದ ಪ್ರಯೋಗವಾಗಿತ್ತು. ಅದನ್ನು ರೂಪಿಸಿದವರಲ್ಲಿ ಪ್ರಮುಖರಾದ ಆಸ್ಟ್ರೇಲಿಯದ ವೈದ್ಯ ಗ್ರೇಮ್ ಕ್ಲಾರ್ಕ್ ಅವರ ತಂದೆ ಔಷಧ ಅಂಗಡಿ ನಡೆಸುತ್ತಿದ್ದವರು. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅದನ್ನು ಕಣ್ಣಾರೆ ಕಂಡು ಬೆಳೆದ ಮಗ, ವಿದ್ಯುತ್ ಸಂಕೇತಗಳಿಂದ ಶ್ರವಣನರವನ್ನು ಪ್ರಚೋದಿಸಿ ಮಾತು ಕೇಳಿಸುವಂತೆ ಮಾಡಬಹುದು ಎಂದು ಹೊರಟಾಗ ಅದು ಆಗದ ಮಾತು ಎಂದ ವಿಜ್ಞಾನಿಗಳು ಹಲವರಿದ್ದರು. ಆ ದಿನಗಳಲ್ಲಿ ಅವರ ಕೈಹಿಡಿದದ್ದು ಟೆಲಿವಿಷನ್ ವಾಹಿನಿಯೊಂದು ನಡೆಸಿದ ನಿಧಿಸಂಗ್ರಹ ಕಾರ್ಯಕ್ರಮಕ್ಕೆ ಸಾಮಾನ್ಯ ಜನ ಕೊಟ್ಟ ಹಣ. 1978ರಲ್ಲಿ ಮೆಲ್ಬರ್ನ್‌ನಲ್ಲಿ ಅವರ ಇಂಪ್ಲಾಂಟ್ ಅಳವಡಿಸುವ ಮೊದಲ ಶಸ್ತ್ರಚಿಕಿತ್ಸೆ ನಡೆಯಿತು. ನಮ್ಮ ಜಿಲ್ಲೆಯಲ್ಲಿ ಇಂದು ಇಂಪ್ಲಾಂಟ್ ಧರಿಸಿ ಶಾಲೆಗೆ ಹೋಗುವ ಮಗುವಿನ ಹಿಂದೆ, ಐವತ್ತು ವರ್ಷಗಳ ಹಿಂದೆ ದೂರದ ದೇಶದಲ್ಲಿ ಗುರುತು ಪರಿಚಯವಿಲ್ಲದವರು ಕೊಟ್ಟ ಚಿಲ್ಲರೆ ಹಣವೂ ಇದೆ.

ಅಮೆರಿಕದಲ್ಲಿ ಇದಕ್ಕೂ ಹಿಂದೆಯೇ, 1958ರಲ್ಲಿ, ಶ್ರವಣದೋಷವನ್ನು ಸ್ವತಃ ಅನುಭವಿಸಿದ್ದ ಕೊಲೆಟ್ ರಾಮ್ಸೆ ಬೇಕರ್ ಎಂಬ ಮಹಿಳೆ ಸಂಶೋಧನೆಗೆಂದೇ ಒಂದು ಪ್ರತಿಷ್ಠಾನ ಕಟ್ಟಿದರು. ಈಗಿನ ಹಿಯರಿಂಗ್ ಹೆಲ್ತ್ ಫೌಂಡೇಶನ್ ಅದೇ. ಬ್ರಿಟನ್ನಿನಲ್ಲಿ ಕಿವಿಯ ಶಸ್ತ್ರಚಿಕಿತ್ಸೆಯೊಂದರ ಬಳಿಕ ಪೂರ್ತಿ ಕಿವುಡರಾದ ಸಂಸದ ಜ್ಯಾಕ್ ಆ್ಯಶ್ಲಿ 1985ರಲ್ಲಿ ಇಂಥದೇ ಸಂಸ್ಥೆಯನ್ನು ಆರಂಭಿಸಿದರು. ಪೆಟ್ಟು ತಿಂದವರೇ ಮುಂದೆ ಬಂದು ಕಟ್ಟಿದ ಸಂಸ್ಥೆಗಳಿವು.

ಸಂಶೋಧನೆಗೆ ಕೊಡುವವನಿಗೆ ತಾಳ್ಮೆ ಬೇಕು. ಒಳಕಿವಿಯ ರೋಮಕೋಶಗಳು ಹಿಡಿದ ಶಬ್ದವನ್ನು ನರಕ್ಕೆ ದಾಟಿಸಲು ಓಟೋಫರ್ಲಿನ್ ಎಂಬ ಪ್ರೋಟೀನ್ ಬೇಕು. ಅದರ ಜೀನ್ ಕೆಟ್ಟಿದ್ದರೆ ಮಗು ಹುಟ್ಟುತ್ತಲೇ ಕಿವುಡಾಗಿರುತ್ತದೆ. ಪ್ಯಾರಿಸ್‌ನ ಪಾಸ್ಚರ್ ಸಂಸ್ಥೆಯಲ್ಲಿ ಕ್ರಿಸ್ಟೀನ್ ಪೆತಿ ಅವರ ತಂಡ ಈ ಜೀನ್ ಅನ್ನು ಗುರುತಿಸಿದ್ದು 1999ರಲ್ಲಿ. ಕೆಟ್ಟ ಜೀನ್‌ನ ಬದಲಿಗೆ ಸರಿಯಾದ ಜೀನ್ ಅನ್ನು ಕಿವಿಯ ಕೋಶಗಳಿಗೆ ಹೊತ್ತೊಯ್ಯಬೇಕಾದ, ಹಾನಿ ಮಾಡದ ವೈರಸ್ಸಿನಲ್ಲಿ ಅಷ್ಟು ದೊಡ್ಡ ಜೀನ್‌ಗೆ ಜಾಗವಿಲ್ಲದ್ದರಿಂದ ಅದನ್ನು ಎರಡು ತುಂಡು ಮಾಡಿ ಕಳುಹಿಸುವ ಉಪಾಯ ಹುಡುಕಬೇಕಾಯಿತು. ಇಲಿಗಳಲ್ಲಿ ಅದು ಫಲಿಸಿದ ವರದಿ ಬಂದದ್ದು 2019ರಲ್ಲಿ. 2024ರ ಜನವರಿಯಲ್ಲಿ ಶಾಂಘೈಯ ವೈದ್ಯರು ತಾವು ಚಿಕಿತ್ಸೆ ಕೊಟ್ಟ ಆರು ಮಕ್ಕಳಲ್ಲಿ ಐವರಿಗೆ ಕೇಳಿಸತೊಡಗಿದೆ ಎಂದು ಪ್ರಕಟಿಸಿದರು. ಇಪ್ಪತ್ತೈದು ವರ್ಷ! ಈ ಕಾರಣದಿಂದ ಕಿವುಡಾಗುವ ಮಕ್ಕಳು ಕೆಲವೇ ಮಂದಿ ಎಂಬುದೂ ನಿಜ. ಉಳಿದ ಬಹುಪಾಲು ಜನರಲ್ಲಿ ರೋಮಕೋಶಗಳೇ ಸತ್ತಿರುತ್ತವೆ. ಒಂದು ಕಿವಿಯಲ್ಲಿ ಸುಮಾರು 15,000 ಇರುವ ಈ ಕೋಶಗಳು ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಹಕ್ಕಿಗಳಲ್ಲಿ ಹುಟ್ಟುತ್ತವೆ ಎಂದು 1980ರ ದಶಕದ ಕೊನೆಯಲ್ಲಿಯೇ ಗೊತ್ತಾಗಿದೆ. ಮನುಷ್ಯನಲ್ಲೂ ಅವನ್ನು ಮತ್ತೆ ಚಿಗುರಿಸಲೆಂದು ಅಮೆರಿಕದ ಕಂಪೆನಿಯೊಂದು ತಯಾರಿಸಿದ ಎಫ್‌ಎಕ್ಸ್-322 ಎಂಬ ಔಷಧ 2023ರಲ್ಲಿ ಪರೀಕ್ಷೆಯಲ್ಲಿ ಸೋತಿತು. ಕಂಪೆನಿಗಳು ಸೋತಾಗ ಕೈಬಿಟ್ಟು ಹೋಗುತ್ತವೆ. ಅಂಥ ಹೊತ್ತಿನಲ್ಲಿಯೂ ಪ್ರಯೋಗಾಲಯದ ದೀಪ ಆರದಂತೆ ನೋಡಿಕೊಳ್ಳಲು ಲಾಭ ನಿರೀಕ್ಷಿಸದ ಹಣ ಬೇಕು.

ಇಷ್ಟು ದೊಡ್ಡ ಕೆಲಸಗಳಿಗೆ ನಮ್ಮ ಸಣ್ಣ ಕೊಡುಗೆ ಯಾವ ಮೂಲೆಗೆ ಎಂದು ಕೇಳಬಹುದು. ನಮ್ಮ ಗಡಿನಾಡಿನಲ್ಲಿ ಕಡಿಮೆ ಖರ್ಚಿನಲ್ಲಿ ಆಗಬಹುದಾದ, ಆದರೆ ನಾವು ಮುಂದೆ ಬರದಿದ್ದರೆ ಯಾವ ಕಂಪೆನಿಯೂ ಕೈಹಾಕದ ಕೆಲಸಗಳಿವೆ.

ನನ್ನ ತಂಗಿಯ ಮಗನ ಶ್ರವಣಪರೀಕ್ಷೆ ನಡೆಯುವಾಗ ನಾನು ಪಕ್ಕದಲ್ಲಿದ್ದೆ. ಹೆಡ್‌ಫೋನ್ ಹಾಕಿಸಿ, ಶಬ್ದ ಕೇಳಿಸಿದಾಗಲೆಲ್ಲ ಒಂದು ಬಣ್ಣದ ಬಿಲ್ಲೆಯನ್ನು ಡಬ್ಬಿಗೆ ಹಾಕಬೇಕೆಂದು ಹೇಳಿಕೊಟ್ಟಿದ್ದರು. ಆ ಆಟವನ್ನು ಅವನು ಬೇಗನೆ ಕಲಿತುಕೊಂಡ. ಅನಂತರ ಪದಗಳ ಪರೀಕ್ಷೆ ಮಲಯಾಳದಲ್ಲಿ ಆರಂಭವಾಯಿತು. ಮನೆಯೊಳಗೆ ಹವ್ಯಕ ಕನ್ನಡ, ಅಂಗಳದಾಚೆ ತುಳು ಕೇಳಿ ಬೆಳೆದ ಆ ಮಗು ಬಿಲ್ಲೆಯನ್ನು ಕೈಯಲ್ಲೇ ಹಿಡಿದು ನನ್ನ ಮುಖ ನೋಡತೊಡಗಿತು. ಕೇಳಿಸಲಿಲ್ಲವೋ ಅರ್ಥವಾಗಲಿಲ್ಲವೋ ಎಂಬುದನ್ನು ಬೇರ್ಪಡಿಸುವ ದಾರಿ ಆ ಕೋಣೆಯಲ್ಲಿರಲಿಲ್ಲ. ಪರೀಕ್ಷೆ ಮಾಡಿದ ಯುವತಿಯ ತಪ್ಪೂ ಅಲ್ಲ, ಆಕೆ ಬಹಳ ಪ್ರೀತಿಯಿಂದಲೇ ಮಾತನಾಡಿಸುತ್ತಿದ್ದರು. ಮನೆಯಲ್ಲಿ ಇನ್ನು ಮುಂದೆ ಮಲಯಾಳ ಒಂದನ್ನೇ ಮಾತನಾಡಿ ಎಂಬ ಸಲಹೆ ಬಂದಾಗ ಮಾತ್ರ ಅಜ್ಜಿ ಮಂಕಾದರು. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಇಂಪ್ಲಾಂಟ್ ಹಾಕಿದ ಮಕ್ಕಳ ಮಾತು ಹಿಂದೆ ಬೀಳುವುದಿಲ್ಲ ಎಂದು ಬೇರೆ ದೇಶಗಳ ಹಲವು ಅಧ್ಯಯನಗಳು ತೋರಿಸಿವೆ. ಇದನ್ನು ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಒಂದೇ ಪೇಟೆಯಲ್ಲಿ ಕೇಳಿಬರುವ ನಮ್ಮ ಊರಿನ ಮಕ್ಕಳಲ್ಲಿಯೇ ಪರಿಶೀಲಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ಕ್ಷೇತ್ರದಲ್ಲಿದೆ. ಕನ್ನಡದ ಪರೀಕ್ಷಾ ಪದಪಟ್ಟಿಗಳು ಅಲ್ಲಿ ಸಿದ್ಧವಾಗಿವೆ. ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಕನ್ನಡದ ಸ್ನಾತಕೋತ್ತರ ವಿಭಾಗವಿದೆ. ಇಬ್ಬರನ್ನೂ ಒಂದುಗೂಡಿಸಿ ನಮ್ಮ ಮಕ್ಕಳ ಮಾತಿಗೆ ಹೊಂದುವ ಪಟ್ಟಿಗಳನ್ನು ಮಾಡಿಸಲು ಬೇಕಾಗುವುದು ಒಬ್ಬ ಸಂಶೋಧಕನ ಕೆಲವು ವರ್ಷಗಳ ವೇತನ, ಓಡಾಟದ ಖರ್ಚು, ಒಂದು ಒಳ್ಳೆಯ ಧ್ವನಿಮುದ್ರಣ.

ಇನ್ನೊಂದು, ಮುರಕಲ್ಲಿನ ಕೋರೆಗಳು. ಯಂತ್ರದ ಗರಗಸ ಕಲ್ಲನ್ನು ಸೀಳುವಾಗ ದೂಳಿಗೆಂದು ಮೂಗಿಗೆ ಬೈರಾಸು ಸುತ್ತಿಕೊಂಡ ಕೆಲಸಗಾರರನ್ನು ಎಲ್ಲರೂ ನೋಡಿದ್ದೇವೆ. ಅವರ ಕಿವಿಗಳು ತೆರೆದೇ ಇರುತ್ತವೆ. ದಿನವಿಡೀ ಆ ಸದ್ದಿನಲ್ಲಿರುವವರ ಶ್ರವಣಶಕ್ತಿಯನ್ನು ವರ್ಷವರ್ಷವೂ ಅಳೆದು ದಾಖಲಿಸುವುದು ದುಬಾರಿಯ ವಿಜ್ಞಾನವೇನಲ್ಲ. ಹುಟ್ಟು ಕಿವುಡುತನಕ್ಕೆ ಭಾರತದಲ್ಲಿ ಮುಖ್ಯ ಕಾರಣಗಳಲ್ಲೊಂದಾದ ಜಿಜೆಬಿ2 ಜೀನ್‌ನ ದೋಷದ ಬಗ್ಗೆಯೂ, ಸೋದರಸಂಬಂಧದ ಮದುವೆಗಳ ಬಗ್ಗೆಯೂ ಇಲ್ಲಿನ ಕುಟುಂಬಗಳೊಂದಿಗೆ ಗೌರವದಿಂದ ಮಾತನಾಡಿ ಅಧ್ಯಯನ ಮಾಡಬಹುದು. ಪೆರಿಯದ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲಿ ಜೀನೋಮ್ ವಿಜ್ಞಾನದ ವಿಭಾಗವೇ ಇದೆ.

ಅಧ್ಯಯನ ತಡವಾದರೆ ಏನಾಗುತ್ತದೆ ಎಂದು ಕಾಸರಗೋಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಮೇಲೆ, ಪಡ್ರೆಯಂಥ ಊರುಗಳ ಮಕ್ಕಳ ಸ್ಥಿತಿ ಕಣ್ಣೆದುರೇ ಇದ್ದರೂ, ಪುರಾವೆ ಎಲ್ಲಿದೆ ಎಂದು ನಮ್ಮನ್ನೇ ಕೇಳಲಾಯಿತು.

ಕಿವುಡ ಸಮುದಾಯದ ಹಲವರು ತಮ್ಮನ್ನು ರೋಗಿಗಳೆಂದು ಭಾವಿಸುವುದಿಲ್ಲ. ಸನ್ನೆಭಾಷೆಯೇ ಅವರ ಭಾಷೆ. ಅವರ ಮಾತನ್ನು ನಾನು ಪೂರ್ಣವಾಗಿ ಗೌರವಿಸುತ್ತೇನೆ. ಸಂಶೋಧನೆ ಎಂದರೆ ಎಲ್ಲರ ಕಿವಿಯನ್ನೂ ಸರಿಪಡಿಸುವ ಹಟ ಎಂದಾಗಬಾರದು. ಸನ್ನೆಭಾಷೆಯಲ್ಲಿ ಮಕ್ಕಳು ಹೇಗೆ ಕಲಿಯುತ್ತಾರೆ ಎಂಬ ಅಧ್ಯಯನಕ್ಕೂ ಈ ಹಣದಲ್ಲಿ ಪಾಲಿರಬೇಕು. ಯಾವುದಕ್ಕೆ ಕೊಡಬೇಕೆಂದು ತೀರ್ಮಾನಿಸುವಲ್ಲಿ ಕಿವುಡರೂ ಕುಳಿತಿರಬೇಕು.

ನಮ್ಮ ಊರಿನ ಗ್ರಂಥಾಲಯ ಸಮಿತಿಯ ಮುಂದೆ ಈ ಪ್ರಸ್ತಾವವನ್ನು ಇಟ್ಟಿದ್ದೇನೆ. ಬ್ರಹ್ಮಕಲಶೋತ್ಸವದ ಸಮಿತಿಗಳು, ಜಮಾಅತ್‌ಗಳು, ಸಹಕಾರಿ ಬ್ಯಾಂಕುಗಳು, ಗಲ್ಫಿನ ಕನ್ನಡ ಸಂಘಗಳು ದಯವಿಟ್ಟು ಯೋಚಿಸಬೇಕು. ಚಿಕಿತ್ಸಾ ನೆರವಿಗೆ ಕೂಡಿದ ಹಣವನ್ನು ಮುಟ್ಟದೆ, ಅದರ ಹತ್ತರಲ್ಲೊಂದರಷ್ಟನ್ನು ಬೇರೆಯಾಗಿ ಕೂಡಿಸಿ ಒಂದು ಸಂಶೋಧನಾ ವಿದ್ಯಾರ್ಥಿವೇತನಕ್ಕೆ ಮೀಸಲಿಡೋಣ. ವಿದ್ಯಾರ್ಥಿಯನ್ನು ದಾನಿಗಳು ಆರಿಸುವುದು ಬೇಡ, ವಿಷಯ ಬಲ್ಲವರು ಆರಿಸಲಿ. ಫೋಟೋ, ಫಲಕ ಯಾವುದೂ ಬೇಡ. ವರ್ಷಕ್ಕೊಮ್ಮೆ ಕೆಲಸದ ವರದಿ, ಸೋತಿದ್ದರೆ ಸೋತದ್ದರ ವರದಿಯೂ, ನಮಗೆ ಅರ್ಥವಾಗುವ ಕನ್ನಡದಲ್ಲಿ ಬರಬೇಕೆಂಬ ಒಂದೇ ಷರತ್ತು ಇರಲಿ.